ಸೊನ್ನೆಯಿಂದ ಸಾವಿರದವರೆಗೆ

ಹಲ್ಲು ಕೀಳಿಸಿಕೊಂಡ ದಿನವೇ ಹೊಸ ಹಲ್ಲು ಹಾಕಿಸಿಕೊಂಡು ಮನೆಗೆ ಹೋಗಬಹುದು ಎಂದು ಡಾಕ್ಟರು ಹೇಳಿದಾಗ ನನಗೆ ಜೀವ ಬಂದಂತಾಯಿತು. ಒಳಗೆ ಹೋಗುವಾಗಲೂ ಹಲ್ಲು, ಹೊರಗೆ ಬರುವಾಗಲೂ ಹಲ್ಲು. ಮಧ್ಯದ ಬೊಚ್ಚುಬಾಯಿಯನ್ನು ನೋಡುವವರು ಡಾಕ್ಟರು ಮತ್ತು ನರ್ಸು, ಇಬ್ಬರೇ. ಅವರಿಬ್ಬರಿಗೂ ಮಾಸ್ಕ್ ಇರುತ್ತದೆ, ನಕ್ಕರೂ ನಮಗೆ ಗೊತ್ತಾಗಲ್ಲ.

ಮೇಲಿನ ದವಡೆಯ ಹಿಂದಿನ ಹಲ್ಲುಗಳು ಎರಡು ತಿಂಗಳ ಮುಂಚೆಯೇ ಹೋಗಿದ್ದವು. ಉಳಿದಿದ್ದು ಮುಂದಿನ 6. ಅವೂ ಹಳೇ ಬೇಲಿಯ ಗೂಟಗಳ ಹಾಗೆ ಗಾಳಿ ಬೀಸಿದ ಕಡೆಗೆ ವಾಲುತ್ತಿದ್ದವು. ಆದರೂ ಮುಂದಿನ ಹಲ್ಲು ಅಂದರೆ ಮರ್ಯಾದೆ ವಿಷಯ, ಅಲ್ವಾ?

ಮೊದಲು ಅಚ್ಚು ತೆಗೆಯುತ್ತಾರೆ. ಒಂದು ತಟ್ಟೆ ತುಂಬಾ ತಣ್ಣಗಿನ ಪೇಸ್ಟು ತುಂಬಿ ಮೇಲಕ್ಕೆ ಒತ್ತಿ ಹಿಡಿದರು. ಅದು ಮೆಲ್ಲಗೆ ಗಂಟಲ ಕಡೆ ಪ್ರಯಾಣ ಹೊರಟಿತು. ನನಗೆ ವಾಕರಿಕೆ. "ಮೂಗಲ್ಲಿ ಉಸಿರಾಡಿ, ಕಾಲ್ಬೆರಳು ಅಲ್ಲಾಡಿಸ್ತಾ ಇರಿ" ಎಂದರು. ಬಾಯಿಯ ಕಷ್ಟಕ್ಕೆ ಕಾಲಿನಲ್ಲಿ ಪರಿಹಾರ! ಅಲ್ಲಾಡಿಸಿದೆ. ನಿಜವಾಗಿಯೂ ವಾಕರಿಕೆ ನಿಂತಿತು.

ಮುಂದಿನ ಸಲ ಹೋದಾಗ ಮೇಜಿನ ಮೇಲೆ ನನ್ನ ಬಾಯಿ ಕೂತಿತ್ತು, ಪ್ಲಾಸ್ಟರಿನದು. ಅದರಲ್ಲಿ ಆರು ಹಲ್ಲುಗಳನ್ನೂ ಕೆತ್ತಿ ತೆಗೆದು, ಕಿತ್ತ ಮೇಲೆ ವಸಡು ಹೀಗಿರಬಹುದು ಎಂದು ಅಂದಾಜಿನ ಮೇಲೆ ನುಣ್ಣಗೆ ಮಾಡಿದ್ದರು. ಸೆಟ್ ತಯಾರಾಗುವುದು ಅದರ ಮೇಲೆ. ನನಗಿಂತ ಒಂದು ವಾರ ಮುಂಚೆಯೇ ನನ್ನ ಪ್ಲಾಸ್ಟರು ಬೊಚ್ಚಾಗಿತ್ತು. "ಮುಂದಿನ ಹಲ್ಲು ಹೇಗೆ ಕಾಣುತ್ತೆ ಅಂತ ಒಮ್ಮೆ ಹಾಕಿ ನೋಡಬಹುದಾ?" ಎಂದು ಕೇಳಿದೆ. ಹೇಗೆ ಆಗುತ್ತೆ? ಆ ಜಾಗದಲ್ಲಿ ಹಳೇ ಬಾಡಿಗೆದಾರರು ಇನ್ನೂ ಖಾಲಿ ಮಾಡಿರಲಿಲ್ಲ.

ಕೀಳುವ ದಿನದ ಬಗ್ಗೆ ಹೇಳುವುದು ಹೆಚ್ಚೇನಿಲ್ಲ. ಇಂಜೆಕ್ಷನ್ ಕೊಟ್ಟರು, ಆರೂ ಹಲ್ಲು ಹಟ ಮಾಡದೆ ಬಂದವು, ರಕ್ತ ಒರೆಸಿ ಸೆಟ್ ಕೂರಿಸಿದರು. ಕನ್ನಡಿ ಕೊಟ್ಟರು. ಅದರಲ್ಲಿ ಯಾರೋ ಇನ್ಶೂರೆನ್ಸ್ ಏಜೆಂಟು ನಗುತ್ತಿದ್ದ. ಮೇಲ್ತುಟಿ ಮರಗಟ್ಟಿದ್ದರಿಂದ ಒಂದೇ ಕಡೆ ನಗುತ್ತಿದ್ದ.

"24 ಗಂಟೆ ತೆಗೆಯಲೇಬೇಡಿ. ಗಾಯಕ್ಕೆ ಇದೇ ಬ್ಯಾಂಡೇಜು. ತೆಗೆದರೆ ವಸಡು ಊದಿಕೊಳ್ಳುತ್ತೆ, ಮತ್ತೆ ಕೂರಲ್ಲ. ನಾಳೆ ಬನ್ನಿ, ನಾನೇ ತೆಗೀತೀನಿ." ಡಾಕ್ಟರು ಇದನ್ನು ಎರಡು ಸಲ ಹೇಳಿದರು. ನರ್ಸು ಒಂದು ಸಲ. ಒಂದು ಚೀಟಿಯಲ್ಲೂ ಬರೆದುಕೊಟ್ಟರು.

ರಾತ್ರಿ ಇಂಜೆಕ್ಷನ್ ಇಳಿಯಿತು. ಬಾಯಲ್ಲಿ ಯಾರೋ ತಟ್ಟೆ ಮರೆತು ಹೋದ ಹಾಗಿತ್ತು. ಬಾಯಿಗೆ ಹೊಸ ಹಲ್ಲು ಎಂದು ಗೊತ್ತಿಲ್ಲ ನೋಡಿ, ಊಟ ಬಂದಿದೆ ಅಂದುಕೊಂಡು ಜೊಲ್ಲು ಸುರಿಸುತ್ತಲೇ ಇತ್ತು. ನಾಲಿಗೆ ಅಂಗುಳನ್ನು ಹುಡುಕುತ್ತಾ ಹೋಗಿ ಪ್ಲಾಸ್ಟಿಕ್ ಮುಟ್ಟಿ ಬೆಚ್ಚಿ ವಾಪಸ್ ಬರುತ್ತಿತ್ತು. ಒಂದು ಗಂಟೆಯ ಹೊತ್ತಿಗೆ, ಸುಮ್ನೆ ಒಂದೇ ನಿಮಿಷ ಎಂದುಕೊಂಡು ತೆಗೆದೆ.

ಆಹಾ! ಅಂಥ ನೆಮ್ಮದಿಯನ್ನು ಬಿಗಿ ಬೂಟು ಕಳಚಿದವರು ಮಾತ್ರ ಬಲ್ಲರು.

ಒಂದು ನಿಮಿಷ ಎಂದವನು ನಿದ್ದೆ ಹೋಗಿದ್ದೆ. ಎಚ್ಚರವಾದಾಗ ನಾಲ್ಕು ಗಂಟೆ. ಹಾಕಲು ಹೋದರೆ ಎಡಗಡೆ ಕೂತರೆ ಬಲಗಡೆ ಏಳುತ್ತದೆ, ಬಲಗಡೆ ಒತ್ತಿದರೆ ಕಣ್ಣಲ್ಲಿ ನೀರು. ಮೇಲ್ತುಟಿ ಮೂಗಿಗೆ ಜಗಲಿ ಕಟ್ಟಿದ ಹಾಗೆ ಊದಿಕೊಂಡಿತ್ತು. ಬೆಳಗಾಗುವವರೆಗೆ ಫೋನಿನಲ್ಲಿ ಹಲ್ಲು ಸೆಟ್ಟಿನ ಚರಿತ್ರೆ ಓದುತ್ತಾ ಕೂತೆ. ಜಾರ್ಜ್ ವಾಷಿಂಗ್ಟನ್ 1789ರಲ್ಲಿ ಅಮೆರಿಕದ ಅಧ್ಯಕ್ಷನಾದಾಗ ಅವನಿಗೆ ಉಳಿದಿದ್ದ ಸ್ವಂತ ಹಲ್ಲು ಒಂದೇ ಒಂದು. ಜನ ಹೇಳುವ ಹಾಗೆ ಅವನದು ಮರದ ಹಲ್ಲಲ್ಲ, ದಂತ, ಸೀಸ, ಬೇರೆ ಮನುಷ್ಯರ ಹಲ್ಲು, ಜೊತೆಗೆ ಸ್ಪ್ರಿಂಗು. ತುಟಿ ಮುಂದಕ್ಕೆ ತಳ್ಳುತ್ತದೆ ಎಂದು ಅವನೂ ತನ್ನ ದಂತವೈದ್ಯನಿಗೆ ಪತ್ರ ಬರೆದು ಗೋಳಾಡಿದ್ದ. ನನ್ನ ತುಟಿಗೆ ಒಬ್ಬ ರಾಷ್ಟ್ರಪತಿ ಜೊತೆಯಾದ.

ಬೆಳಗ್ಗೆ ಕ್ಲಿನಿಕ್ಕಿನಲ್ಲಿ ಡಾಕ್ಟರು, "ತೆಗೆದ್ರಾ?" ಎಂದು ಕೇಳಿದರು.

"ಇಲ್ಲ" ಎಂದೆ. ಸೆಟ್ ಕೈಯಲ್ಲಿದ್ದ ಡಬ್ಬಿಯೊಳಗೆ ಲೊಟಗುಟ್ಟಿತು.

ಅವರು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಮಾತಾಡದೆ ಸೆಟ್ಟನ್ನು ಅಲ್ಲಿಷ್ಟು ಇಲ್ಲಿಷ್ಟು ಉಜ್ಜಿ, ಮೆಲ್ಲಗೆ ಒತ್ತಿ ಕೂರಿಸುವ ಹೊತ್ತಿಗೆ ನಾನು ಹತ್ತೂ ಕಾಲ್ಬೆರಳು ಅಲ್ಲಾಡಿಸಿ ಮುಗಿಸಿದ್ದೆ.

ಆಮೇಲೆ ಮಾತಿನ ಸಮಸ್ಯೆ. ಶಾಲೆಯಲ್ಲಿ ತ, ದ, ನ, ಸ ಇವೆಲ್ಲ ದಂತ್ಯ ಎಂದು ಬಾಯಿಪಾಠ ಮಾಡಿಸಿದ್ದರು. ಪರೀಕ್ಷೆಗೆ ಬಿಟ್ಟರೆ ಇದು ಯಾತಕ್ಕೂ ಬರಲ್ಲ ಅಂದುಕೊಂಡಿದ್ದೆ. ಈಗ ದಂತ ಬದಲಾದ ಮೇಲೆ ಅರ್ಥವಾಯಿತು. ಬೇರೆಯವು ಎರಡು ದಿನದಲ್ಲಿ ದಾರಿಗೆ ಬಂದವು. ಸ ಮಾತ್ರ ಶಿಳ್ಳೆಯಾಗಿ ಬರುತ್ತಿತ್ತು, ಇಲ್ಲವೇ ಶ ಆಗಿ. ಫೋನಿನಲ್ಲಿ ಸ್ನೇಹಿತ "ಹೇಗಿದ್ದೀಯಾ?" ಎಂದರೆ "ಶುಖವಾಗಿದ್ದೀನಿ" ಎನ್ನುತ್ತಿದ್ದೆ. "ಏನೋ, ಸಂಜೆಗೂ ಮುಂಚೆಯೇ ಶುರುವಾ?" ಎಂದ.

"ಜೋರಾಗಿ ಓದಿ, ಇಲ್ಲಾಂದ್ರೆ ಎಣಿಸಿ" ಎಂದು ಡಾಕ್ಟರ ಸಲಹೆ. ಎಣಿಸಲು ಕೂತೆ. ಒಂದು, ಎರಡು, ಮೂರು... ನೂರು ದಾಟಿತು. ಮಾತು ಸೊಗಸಾಗಿದೆ. ಇನ್ನೂರಾಯಿತು, ಇನ್ನೂ ಸೊಗಸು. ಆಗ ಹೊಳೆಯಿತು: ನಮ್ಮ ಎಣಿಕೆಯಲ್ಲಿ ಸೊನ್ನೆ ಬಿಟ್ಟರೆ ಮತ್ತೆ ಸ ಸಿಗುವುದು ಸಾವಿರಕ್ಕೇ! ನಡುವೆ 999 ಅಂಕಿಗಳು ನನ್ನ ಯಾವ ತಪ್ಪನ್ನೂ ಹಿಡಿಯುವುದಿಲ್ಲ.

ಎರಡು ವಾರದಲ್ಲಿ ಸ ಬಂತು. ಮೂರನೇ ತಿಂಗಳಲ್ಲಿ ಮತ್ತೆ ಹೋಯಿತು. ಹಲ್ಲು ಕಿತ್ತ ಜಾಗದ ಮೂಳೆ ಮೊದಲ ಕೆಲವು ತಿಂಗಳಲ್ಲೇ ಜಾಸ್ತಿ ಸವೆಯುತ್ತದೆ. ಮನೆ ಒಳಗಿಂದ ಕುಗ್ಗುತ್ತಾ ಬಂತು, ಬಾಡಿಗೆದಾರ ಮಾತ್ರ ಹಳೇ ಅಳತೆಯವನೇ. ಒಂದು ದಿನ ಸೀನಿದೆ. ಸೀನು ಮುಗಿಯಿತು, ಹಲ್ಲು ಮುಂದುವರಿಯಿತು. ಟೀಪಾಯಿ ಮೇಲಿನ ದಿನಪತ್ರಿಕೆಯ ಮೇಲೆ, ರಾಶಿಭವಿಷ್ಯದ ಪಕ್ಕದಲ್ಲಿ ಕೂತು ನನ್ನನ್ನು ನೋಡಿ ನಕ್ಕಿತು.

ಡಾಕ್ಟರು ಒಳಗೆ ಮೆತ್ತನೆಯ ಪದರ ಹಾಕಿ ಬಿಗಿ ಮಾಡಿಕೊಟ್ಟರು. ವಸಡು ಪೂರ್ತಿ ಒಂದು ಹದಕ್ಕೆ ಬಂದ ಮೇಲೆ ಪಕ್ಕಾ ಸೆಟ್ಟು, ಅಲ್ಲಿಯವರೆಗೆ ಇದೇ ಎಂದರು. ಮನೆಗೆ ಬಂದು ಬಚ್ಚಲ ಬಾಗಿಲು ಹಾಕಿಕೊಂಡು ಕನ್ನಡಿಯ ಮುಂದೆ ಮತ್ತೆ ಅಭ್ಯಾಸ ಶುರು ಮಾಡಿದೆ. ಈ ಸಲ ಬುದ್ಧಿ ಬಂದಿತ್ತು. ನೇರವಾಗಿ ಕೊನೆಗೇ ಹೋದೆ.

"ಒಂಬೈನೂರ ತೊಂಬತ್ತೆಂಟು. ಒಂಬೈನೂರ ತೊಂಬತ್ತೊಂಬತ್ತು. ಶಾವಿರ. ಶಾವಿರ. ಸ್ಶಾವಿರ."

ಹೊರಗಿನಿಂದ ಹೆಂಡತಿಯ ದನಿ ಬಂತು. "ಯಾರಿಗ್ರೀ ಅಷ್ಟೊಂದು ಕೊಡಬೇಕು?"

"ಹಲ್ಲಿನ ಡಾಕ್ಟರಿಗೆ!" ಎಂದೆ. ಪುಣ್ಯಕ್ಕೆ ಅದರಲ್ಲಿ ಸ ಇರಲಿಲ್ಲ.