ಗೋಳಗುಮ್ಮಟದ ಹಿಂದೆ ಅಷ್ಟು ದೊಡ್ಡ ಚಂದ್ರನೇ?

ಹುಣ್ಣಿಮೆ ಬಂತೆಂದರೆ ನಮ್ಮ ವಿಜಯಪುರದ ವಾಟ್ಸಾಪ್ ಗುಂಪುಗಳಲ್ಲಿ ಗೋಳಗುಮ್ಮಟದ ಒಂದು ಚಿತ್ರ ತಪ್ಪದೆ ಓಡಾಡುತ್ತದೆ. ಎದುರಿನ ಹುಲ್ಲುಹಾಸಿನಲ್ಲಿ ನಿಂತು ತೆಗೆದಂತಿರುವ ಕಟ್ಟಡ, ಕಪ್ಪು ಆಕಾಶ, ಗುಮ್ಮಟವನ್ನೇ ನುಂಗುವಷ್ಟು ದೊಡ್ಡ ಚಂದ್ರ. ಮೆಚ್ಚಿದವರ ಸಂತೋಷ ಕೆಡಿಸುವ ಉದ್ದೇಶ ನನಗಿಲ್ಲ, ಆದರೆ ಆ ಚಂದ್ರ ಅಂಟಿಸಿದ್ದು.

ಆಕಾಶದಲ್ಲಿ ಚಂದ್ರನ ಅಗಲ ಸುಮಾರು ಅರ್ಧ ಡಿಗ್ರಿ ಮಾತ್ರ. ಗುಮ್ಮಟದ ಹೊರವ್ಯಾಸವೋ ಸುಮಾರು 44 ಮೀಟರ್. ಇವೆರಡೂ ಸಮವಾಗಿ ಕಾಣಬೇಕಾದರೆ ಕ್ಯಾಮೆರಾ ಹೆಚ್ಚುಕಡಿಮೆ 5 ಕಿಲೋಮೀಟರ್ ಹಿಂದೆ ಸರಿಯಬೇಕು, ಜೊತೆಗೆ ದೂರದ್ದನ್ನು ಹತ್ತಿರಕ್ಕೆ ಎಳೆಯುವ ಉದ್ದನೆಯ ಲೆನ್ಸ್ ಬೇಕು. ಹುಲ್ಲುಹಾಸಿನಲ್ಲಿ ನಿಂತವನಿಗೆ ಚಂದ್ರ ಹಣೆಯ ಬೊಟ್ಟಿನಷ್ಟೇ.

1656ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲ್ ಶಾಹನ ಈ ಸಮಾಧಿ ಊರಿನ ಪೂರ್ವ ಭಾಗದಲ್ಲಿರುವುದು ಛಾಯಾಗ್ರಾಹಕರ ಪುಣ್ಯ. ಊರು ದಾಟಿ ಪಶ್ಚಿಮದ ಬಯಲಿಗೆ ಹೋದರೆ, ಏಳುವ ಚಂದ್ರ ಗುಮ್ಮಟದ ಹಿಂದೆಯೇ ಬರುವ ಜಾಗ ಸಿಗುತ್ತದೆ. ಆದರೆ ಆ ಜಾಗ ವರ್ಷವಿಡೀ ಒಂದೇ ಅಲ್ಲ: ಡಿಸೆಂಬರ್‌ನ ಹುಣ್ಣಿಮೆ ಚಂದ್ರ ಈಶಾನ್ಯದತ್ತ ಸರಿದು ಹುಟ್ಟಿದರೆ ಜೂನ್‌ನಲ್ಲಿ ಆಗ್ನೇಯದತ್ತ ಸರಿಯುತ್ತಾನೆ, ಅದಕ್ಕೆ ತಕ್ಕಂತೆ ನಾವು ಎದುರು ದಿಕ್ಕಿಗೆ ಹೊಲದಿಂದ ಹೊಲಕ್ಕೆ ಸರಿಯಬೇಕು. (ಹೊಲದ ಯಜಮಾನರನ್ನು ಕೇಳಿಯೇ ಸರಿಯಬೇಕು, ಬೆಳೆ ತುಳಿದು ತೆಗೆದ ಚಿತ್ರ ಯಾರಿಗೂ ಬೇಡ.)

ಸಮಯವಂತೂ ಇನ್ನೂ ಬಿಗಿ. ಚಂದ್ರ ತನ್ನ ಅಗಲದಷ್ಟು ಸರಿಯಲು ಎರಡೇ ನಿಮಿಷ ಸಾಕು, ಅಷ್ಟು ದೂರದಿಂದ ಗುಮ್ಮಟದ ನೆತ್ತಿಯೋ ದಿಗಂತದಿಂದ ಹೆಚ್ಚು ಮೇಲಿರುವುದಿಲ್ಲ. ಹೀಗಾಗಿ ರಾತ್ರಿ ಒಂಬತ್ತಕ್ಕೆ ಹುಣ್ಣಿಮೆ ಚಂದ್ರ ಗುಮ್ಮಟದ ಬೆನ್ನಿಗೆ ಕುಳಿತಿರುವುದು ಅಸಾಧ್ಯ. ಅವನು ಸೂರ್ಯ ಮುಳುಗುವ ಹೊತ್ತಿಗೇ ಎದ್ದು, ಅಷ್ಟರಲ್ಲಿ ಬಹಳ ಮೇಲೇರಿರುತ್ತಾನೆ. ಕಪ್ಪು ಆಕಾಶವೇ ಬೇಕೆನ್ನುವವರು ಪಂಚಾಂಗ ನೋಡಿ ಮರುದಿನ ಹೋಗಬಹುದು, ಅಂದು ಚಂದ್ರೋದಯ ಸುಮಾರು ಮುಕ್ಕಾಲು ಗಂಟೆ ತಡ. ಆಗ ಬೇರೆ ತೊಡಕು: ಚಂದ್ರನೆಂದರೆ ಬಿಸಿಲು ಬಿದ್ದ ಕಲ್ಲು, ಗುಮ್ಮಟ ಕತ್ತಲಲ್ಲಿರುವ ಕಲ್ಲು. ಗೋಡೆಗೆ ಬೇಕಾದಷ್ಟು ಬೆಳಕು ಕೊಟ್ಟರೆ ಚಂದ್ರ ಬಿಳಿ ಬಿಲ್ಲೆಯಾಗುತ್ತಾನೆ, ಚಂದ್ರನ ಕಲೆಗಳನ್ನು ಉಳಿಸಿಕೊಂಡರೆ ಗುಮ್ಮಟ ಬರೀ ನೆರಳಾಗುತ್ತದೆ. ನನ್ನ ಮಟ್ಟಿಗೆ ಆ ನೆರಳೇ ಚೆಂದ. ನಾಲ್ಕು ಮೂಲೆಯ ಗೋಪುರಗಳಿರುವ ಆ ಆಕಾರವನ್ನು ಗುರುತಿಸಲು ಈ ಜಿಲ್ಲೆಯಲ್ಲಿ ಯಾರಿಗೂ ದೀಪ ಬೇಕಿಲ್ಲ.

ಎರಡು ಚಿತ್ರಗಳನ್ನು ಕೂಡಿಸುವುದೂ ಒಂದು ಕಸುಬೇ, ಅದರ ಮೇಲೆ ನನಗೆ ಸಿಟ್ಟಿಲ್ಲ. ಕೂಡಿಸಿದ್ದೆಂದು ಕೆಳಗೆ ಒಂದು ಸಾಲು ಬರೆದು ಹಂಚಿದರೆ ನನ್ನ ತಕರಾರು ಮುಗಿಯಿತು.