ಬಟ್ಟೆ ಬ್ಯಾಗಿನಲ್ಲಿ ಬಟ್ಟೆ ಎಲ್ಲಿದೆ ಸ್ವಾಮಿ?

ಚಿಕ್ಕಮಗಳೂರು ಪರಿಸರಸ್ನೇಹಿಯಾಗಿ ಬಹಳ ದಿನವಾಯಿತು. ನಂಬಿಕೆ ಬಾರದವರು ಎಂ.ಜಿ. ರಸ್ತೆಯಲ್ಲಿ ಒಂದು ಸುತ್ತು ಹಾಕಿ ಬನ್ನಿ. ಜವಳಿ ಅಂಗಡಿಯವರು ಕೊಡುವುದು ಬಟ್ಟೆ ಬ್ಯಾಗು. ಬೇಕರಿಯಲ್ಲಿ ಟೀ ಬರುವುದು ಪೇಪರ್ ಕಪ್ಪಿನಲ್ಲಿ. ಕಾಫಿಪುಡಿ ಖಾಕಿ ಕಾಗದದ ಪೌಚಿನಲ್ಲಿ, ಹಣ್ಣು ಬರುವುದು ‘ಮಣ್ಣಾಗುವ’ ಕವರಿನಲ್ಲಿ. ಪ್ಲಾಸ್ಟಿಕ್ ಎಂಬ ಪದಾರ್ಥ ಊರು ಬಿಟ್ಟು ಓಡಿಹೋಗಿದೆ. ಹಾಗಾದರೆ ಮೊದಲ ಮಳೆಗೆ ಚರಂಡಿ ಕಟ್ಟಿಕೊಳ್ಳುವುದು ಯಾತರಿಂದ? ಬೆಳಗಾಗುವ ಮುಂಚೆ ಪೊರಕೆ ಹಿಡಿಯುವ ಪೌರಕಾರ್ಮಿಕರಿಗೆ ಉತ್ತರ ಗೊತ್ತು. ಪರಿಸರ ಕಾರ್ಯಾಗಾರಕ್ಕೆ ಅವರನ್ನು ಯಾರೂ ಕರೆಯುವುದಿಲ್ಲ, ಅಷ್ಟೆ.

ಸಾಮಾನು ಬದಲಾಯಿಸಲು ಖರ್ಚಿದೆ, ಹೆಸರು ಬದಲಾಯಿಸುವುದು ಪುಕ್ಕಟೆ. ಹಾಗಾಗಿ ಊರಲ್ಲಿ ವರ್ಷಗಳಿಂದ ಪ್ಲಾಸ್ಟಿಕ್ಕಿನ ನಾಮಕರಣ ನಡೆದಿದೆ. ತೊಟ್ಟಿಲು ಹೊಸದು, ಕೂಸು ಅದೇ.

ಬಟ್ಟೆ ಬ್ಯಾಗನ್ನೇ ತೆಗೆದುಕೊಳ್ಳಿ. ಸೀರೆಯಂಗಡಿಯಲ್ಲಿ ಕೊಟ್ಟಿದ್ದನ್ನು ಬೆಳಕಿಗೆ ಹಿಡಿದರೆ ಒಂದೇ ಅಳತೆಯ ಪುಟ್ಟ ಚುಕ್ಕೆಗಳ ಸಾಲು ಕಾಣುತ್ತದೆ. ಹಾಸು ಹೊಕ್ಕು ಎಲ್ಲೂ ಇಲ್ಲ. ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ ಕರಗಿಸಿ, ಜೇಡನ ಬಲೆಯಂತೆ ಎಳೆ ಬಿಟ್ಟು, ಬಿಸಿ ರೋಲರಿನಡಿ ಒತ್ತಿ ಅಂಟಿಸಿದ ಹಾಳೆ ಅದು. ಚುಕ್ಕೆಗಳು ರೋಲರ್ ಕಚ್ಚಿದ ಗುರುತು. ಮದುವೆ ಛತ್ರದ ಪ್ಲಾಸ್ಟಿಕ್ ಕುರ್ಚಿಗೂ ಇದಕ್ಕೂ ಒಂದೇ ಗೋತ್ರ. ಸಂಶಯವಿದ್ದರೆ ಅಂಚಿನಿಂದ ಬೆರಳುದ್ದ ಕತ್ತರಿಸಿ, ಇಕ್ಕಳದಲ್ಲಿ ಹಿಡಿದು, ಹೊರಗೆ ಗಾಳಿಯಲ್ಲಿ, ಕೆಳಗೊಂದು ನೀರಿನ ತಟ್ಟೆ ಇಟ್ಟು ಕಡ್ಡಿ ಗೀರಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು, ಬೆರಳಲ್ಲಿ ಉಜ್ಜಿದರೆ ಪುಡಿಯಾಗುವ ಬೂದಿ ಉಳಿಯುತ್ತದೆ. ಇದು ಮೊದಲು ಬೆಂಕಿ ಕಂಡು ಮುದುಡುತ್ತದೆ, ಮೇಣದ ವಾಸನೆ ಬಿಡುತ್ತದೆ, ಆಮೇಲೆ ತೊಟ್ಟಿಕ್ಕಿ ತಟ್ಟೆಯಲ್ಲಿ ಗಟ್ಟಿ ಮಣಿಯಾಗುತ್ತದೆ. ಬಟ್ಟೆಯೆಂದು ನಂಬಿ ಬರಿಗೈಯಲ್ಲಿ ಹಿಡಿದರೆ ಬೊಬ್ಬೆ ಗ್ಯಾರಂಟಿ.

ಕಾನೂನಿಗೆ ಇದರ ಜಾತಕ ಗೊತ್ತಿದೆ. 2021ರ ಸೆಪ್ಟೆಂಬರ್ 30ರಿಂದ ಇಂಥ ಬ್ಯಾಗು ಚದರ ಮೀಟರಿಗೆ 60 ಗ್ರಾಂಗಿಂತ ಕಡಿಮೆ ಇರುವಂತಿಲ್ಲ ಎಂದು ಕೇಂದ್ರದ ನಿಯಮ. ಲೆಕ್ಕ ಸುಲಭ: 35 ಸೆಂ.ಮೀ. ಅಗಲ, 40 ಸೆಂ.ಮೀ. ಎತ್ತರದ ಬ್ಯಾಗಿಗೆ ಎರಡೂ ಮೈ ಸೇರಿ 0.28 ಚದರ ಮೀಟರ್. ಅಂದರೆ ಹಿಡಿ ಬಿಟ್ಟೇ 17 ಗ್ರಾಂ ತೂಗಬೇಕು. ಪಕ್ಕದ ಚಿನ್ನದಂಗಡಿ ತಕ್ಕಡಿಗೆ ಹಾಕಿ ನೋಡಿ, ಎಷ್ಟು ಬ್ಯಾಗು ಪಾಸಾಗುತ್ತವೋ. ತೆಳ್ಳಗಿನದು ಎರಡು ಸಲ ಅಕ್ಕಿ ಹೊರುವಷ್ಟರಲ್ಲಿ ಹಿಡಿಯ ಬೆಸುಗೆ ಬಿಟ್ಟುಕೊಳ್ಳುತ್ತದೆ. ಆಮೇಲೆ ತೋಟದ ಬೇಲಿಗೆ ಸಿಕ್ಕಿ, ಬಿಸಿಲು ಕುಡಿದು, ಮುಟ್ಟಿದರೆ ಉದುರುವ ಹಪ್ಪಳವಾಗುತ್ತದೆ. ಆಯಲು ಹೋದವರ ಕೈಗೆ ಬರುವುದು ಚೂರು. ಇದನ್ನೇ ‘ಮಣ್ಣಲ್ಲಿ ಮಣ್ಣಾಯಿತು’ ಎನ್ನುವ ಸೌಜನ್ಯ ನಮ್ಮದು.

ಇನ್ನು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಮಹಾತ್ಮೆ. ಕರ್ನಾಟಕ 2016ರ ಮಾರ್ಚ್ 11ರಂದೇ ಪ್ಲಾಸ್ಟಿಕ್ ಕ್ಯಾರಿಬ್ಯಾಗನ್ನು, ದಪ್ಪ ಎಷ್ಟೇ ಇರಲಿ, ನಿಷೇಧಿಸಿತು. ಕೇಂದ್ರದ್ದು ಬೇರೆ ದಾರಿ: 2022ರ ಡಿಸೆಂಬರ್ 31ರಿಂದ 120 ಮೈಕ್ರಾನ್ ದಾಟಿದ್ದರೆ ಪರವಾಗಿಲ್ಲ. ಅಂಗಡಿಯವರು ಇವೆರಡರಲ್ಲಿ ಹಿಡಿಸಿದ್ದನ್ನು ಬಾಯಿಪಾಠ ಮಾಡಿಕೊಂಡಿದ್ದಾರೆ. ಕೇಳಿದರೆ, ‘ಇದು ಒನ್ ಟ್ವೆಂಟಿ ಸಾರ್, ಲೀಗಲ್ಲು.’ ದಪ್ಪ ಮಾಡಿದ್ದರ ಉದ್ದೇಶ, ಕವರಿಗೆ ಬೆಲೆ ಬರಲಿ, ಗಿರಾಕಿ ಯೋಚಿಸಿ ಕೇಳಲಿ, ತೂಕ ಇರುವುದರಿಂದ ಆಯುವವರಿಗೂ ಕಾಸು ಗಿಟ್ಟಲಿ ಎಂದು. ನಾವು ದಪ್ಪ ಕವರನ್ನೂ ಪುಕ್ಕಟೆ ಕೊಟ್ಟೆವು. 50 ಮೈಕ್ರಾನಿನ ಕವರು ಹೋಗಿ 120ರದು ಬಂದಲ್ಲೆಲ್ಲ ಕವರಿಗೆ ಸುರಿಯುವ ಪ್ಲಾಸ್ಟಿಕ್ಕು ಎರಡೂವರೆ ಪಟ್ಟಿನ ಹತ್ತಿರ ಏರಿತು.

ನಿಜವಾದ ಹತ್ತಿ ಬ್ಯಾಗು ತಂದುಬಿಟ್ಟರೆ ಪಾಪ ಪರಿಹಾರ ಅಂದುಕೊಳ್ಳುವವರಿಗೊಂದು ಲೆಕ್ಕ. ಬ್ರಿಟನ್ನಿನ ಪರಿಸರ ಇಲಾಖೆ 2011ರಲ್ಲಿ ಹೊರತಂದ ಅಧ್ಯಯನದ ಪ್ರಕಾರ, ಒಂದೇ ಸಲ ಬಳಸಿ ಬಿಸಾಡುವ ತೆಳು ಪ್ಲಾಸ್ಟಿಕ್ ಚೀಲದಷ್ಟಕ್ಕೆ ಹವಾಮಾನದ ಮೇಲಿನ ಹೊರೆ ಇಳಿಯಬೇಕಾದರೆ ಹತ್ತಿ ಚೀಲವನ್ನು 131 ಸಲ ಬಳಸಬೇಕು. ವಾರಕ್ಕೊಂದು ಸಂತೆ ಅಂದರೆ ಎರಡೂವರೆ ವರ್ಷ. ಹತ್ತಿ ಬೆಳೆಯಲು ನೀರು, ಗೊಬ್ಬರ, ಔಷಧಿ ಎಲ್ಲ ಬೇಕಲ್ಲ. ಈಗ ಪ್ರತಿ ವಿಚಾರಸಂಕಿರಣದಲ್ಲೂ ಒಂದು, ಪ್ರತಿ ಗೃಹಪ್ರವೇಶಕ್ಕೊಂದು, ಚುನಾವಣೆಗೆ ನಾಲ್ಕು ಬ್ಯಾಗು ಬಂದು, ಮಂಚದ ಕೆಳಗೆ ಮೂವತ್ತು ಚೀಲ ಮಲಗಿವೆ. ಒಂದೊಂದೂ 131 ಸಂತೆಗೆ ಕಾಯುತ್ತಿದೆ. ನಿಜವಾದ ಉಪಾಯ ಅಜ್ಜಿಗೆ ಗೊತ್ತಿತ್ತು: ಹಳೇ ಪ್ಯಾಂಟಿನ ಕಾಲು ಕತ್ತರಿಸಿ ಹೊಲಿದರೆ ಹೊಸ ಹತ್ತಿಯ ಮಾತೇ ಬರುವುದಿಲ್ಲ. (ಬಟ್ಟೆಗೆ ಊರಲ್ಲಿ ಬರವೂ ಇಲ್ಲ. ಮಾಣಿಕ್ಯಧಾರೆ ಜಲಪಾತದಲ್ಲಿ ಮಿಂದವರು ಉಟ್ಟದ್ದನ್ನು ಅಲ್ಲೇ ಬಿಟ್ಟು ಬರುವ ರೂಢಿ. ರಾಶಿ ನೋಡಿದವರಿಗೆ ಗೊತ್ತು, ಅದರಲ್ಲೂ ಪಾಲಿಯೆಸ್ಟರೇ ಜಾಸ್ತಿ.)

ಪೇಪರ್ ಕಪ್ಪಿನ ವಿಷಯಕ್ಕೆ ಬಂದರೆ ಕಾಫಿ ನಾಡಿನ ಮಾನ ಹೋಗುತ್ತದೆ. ಬಾಬಾ ಬುಡನ್ ಯೆಮನ್ನಿನಿಂದ ಏಳು ಬೀಜ ತಂದರೆಂಬ ಪ್ರತೀತಿ ಇರುವ ಊರಿನಲ್ಲಿ, ಬಾಲೆಹೊನ್ನೂರಿನಲ್ಲಿ 1925ರಿಂದ ಕಾಫಿ ಸಂಶೋಧನೆ ನಡೆದಿರುವ ಜಿಲ್ಲೆಯಲ್ಲಿ, ಫಿಲ್ಟರ್ ಕಾಫಿ ಬರುವುದು ಪ್ಲಾಸ್ಟಿಕ್ ಒಳಂಗಿ ತೊಟ್ಟ ಕಾಗದದಲ್ಲಿ. ಬಳಸಿದ ಕಪ್ಪೊಂದನ್ನು ಬೆಚ್ಚಗಿನ ನೀರಲ್ಲಿ ರಾತ್ರಿಯಿಡೀ ನೆನೆಸಿ. ಬೆಳಗ್ಗೆ ಹೊರಗಿನ ಕಾಗದವನ್ನು ಬೆರಳಲ್ಲಿ ತಿಕ್ಕಿ ತೆಗೆದರೆ, ಹಾವಿನ ಪೊರೆಯಂಥ ತೆಳು ಹಾಳೆ ಕಪ್ಪಿನ ಆಕಾರದಲ್ಲೇ ಕೈಗೆ ಬರುತ್ತದೆ. ಅದು ಪಾಲಿಎಥಿಲೀನ್. ಅದಿಲ್ಲದಿದ್ದರೆ ಕಾಫಿ ಎರಡು ನಿಮಿಷಕ್ಕೆ ಅಂಗಿ ಮೇಲಿರುತ್ತಿತ್ತು. ಆ ಪೊರೆಯಿಂದಾಗಿ ಕಪ್ಪು ರದ್ದಿಯವನಿಗೂ ಬೇಡ, ಪ್ಲಾಸ್ಟಿಕ್ಕಿನವನಿಗೂ ಬೇಡ. ಐಐಟಿ ಖರಗ್‌ಪುರದವರು 85ರಿಂದ 90 ಡಿಗ್ರಿ ಬಿಸಿಯ 100 ಮಿ.ಲೀ. ದ್ರವವನ್ನು ಇಂಥ ಕಪ್ಪಿನಲ್ಲಿ 15 ನಿಮಿಷ ಬಿಟ್ಟು ನೋಡಿ, ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣ ಎಣಿಸಿದರು. ಚಿಕೋರಿ ಎಷ್ಟು ಪರ್ಸೆಂಟ್ ಎಂದು ಜಗಳಕ್ಕಿಳಿಯುವ ನಾವು ಇದನ್ನು ಸಕ್ಕರೆ ಬೇಕಾ ಎಂದೂ ಕೇಳದೆ ಕುಡಿಯುತ್ತೇವೆ.

ಖಾಕಿ ಪೌಚಿನದೂ ಅದೇ ಕಥೆ. ಹೊರಗೆ ಸನ್ಯಾಸಿ, ಒಳಗೆ ಅಲ್ಯೂಮಿನಿಯಂ ಫಾಯಿಲ್ಲು, ಅದರೊಳಗೆ ಪ್ಲಾಸ್ಟಿಕ್ಕು, ಎದೆಯ ಮೇಲೊಂದು ವಾಲ್ವು. ಒಂದಕ್ಕೊಂದು ಅಂಟಿದ್ದನ್ನು ಬಿಡಿಸಿ ಕೊಡುವವರು ಈ ಕಡೆ ಯಾರೂ ಇಲ್ಲ. ಹೊಸದಾಗಿ ಹುರಿದ ಬೀಜ ಕೆಲವು ದಿನ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ಅದನ್ನು ಹೊರಗೆ ಕಳಿಸುವುದು ವಾಲ್ವಿನ ಕೆಲಸ; ತಿಂಗಳುಗಟ್ಟಲೆ ಕಪಾಟಿನಲ್ಲಿಡುವ ದೂರದೂರಿನವರಿಗೆ ಆ ವಾಲ್ವು ಬೇಕು. ಕಾಫಿಪುಡಿ ಅಂಗಡಿಯಿಂದ ನಾಲ್ಕು ಹೆಜ್ಜೆ ದೂರ ಇರುವವರಿಗೆ ಯಾಕೆ? ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ ಒಯ್ದು, ವಾರಕ್ಕೆ ಕಾಲು ಕೆ.ಜಿ. ಅರೆಸಿಕೊಂಡರೆ ಘಮವೂ ಉಳಿಯುತ್ತದೆ, ಪೌಚೂ ಬೇಡ. ಅಂಗಡಿಯವರು ಮಾಡಬೇಕಾದ್ದು ಒಂದೇ: ಖಾಲಿ ಡಬ್ಬಿಯನ್ನು ಮೊದಲು ತೂಗಿ ಮುಚ್ಚಳದ ಮೇಲೆ ಬರೆದುಕೊಡುವುದು. ಇಲ್ಲವಾದರೆ ಡಬ್ಬಿಯ ತೂಕಕ್ಕೂ ಕಾಫಿಪುಡಿಯ ರೇಟು ಬಿದ್ದು, ಸುಸ್ಥಿರತೆ ಅಲ್ಲಿಗೇ ನಿಲ್ಲುತ್ತದೆ.

ಮಣ್ಣಾಗುವ ಕವರು ಸುಳ್ಳಲ್ಲ, ಅರ್ಧ ಸತ್ಯ. ಕಾಂಪೋಸ್ಟ್ ಆಗುವ ಪ್ಲಾಸ್ಟಿಕ್ಕಿಗೆಂದೇ ಇರುವ ಐಎಸ್/ಐಎಸ್‌ಒ 17088 ಮಾನದಂಡ ದಾಟಿದ ಅಸಲಿ ಕವರೂ ಕರಗಲು ಸುಮಾರು 58 ಡಿಗ್ರಿ ಬಿಸಿ ವಾರಗಟ್ಟಲೆ ಬೇಡುತ್ತದೆ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ಚಳಿಗಾಳಿಯಲ್ಲಿ ಬಿಸಾಡಿದರೆ ಅದಕ್ಕೂ ಕಂಬಳಿ ಹೊದೆಸಬೇಕಾದೀತು. ತಮಾಷೆಯೆಂದರೆ ಅಷ್ಟು ಬಿಸಿ ನಮ್ಮಲ್ಲೇ ಇದೆ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಯ ಹಿಂದೆ ಆಳೆತ್ತರ ಪೇರಿಸಿದ ಕಾಫಿ ಸಿಪ್ಪೆ ಗುಡ್ಡೆಯೊಳಗೆ ಕೈ ಇಟ್ಟರೆ ತಟ್ಟನೆ ತೆಗೆಯುವಷ್ಟು. ಆದರೆ ಆ ಗುಡ್ಡೆ ಬಳಿಗೆ ಕವರು ಹೋಗುವುದಿಲ್ಲ, ಹೋಗುವುದು ಮರುಬಳಕೆಯ ಪ್ಲಾಸ್ಟಿಕ್ ಜೊತೆಗೆ. ಅಲ್ಲಿ ಅದು ಇಡೀ ಲೋಡನ್ನು ಕೆಡಿಸುತ್ತದೆ.

ಇಂಥ ನಾಮಕರಣಕ್ಕೆ ತಡೆಯೂ ಇದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರ್ 15ರಂದು ಮಾರ್ಗಸೂಚಿ ಹೊರಡಿಸಿದೆ: ‘ಇಕೋ ಫ್ರೆಂಡ್ಲಿ’, ‘ಗ್ರೀನ್’, ‘ನ್ಯಾಚುರಲ್’ ಎಂದು ಬರಿದೇ ಬರೆಯುವಂತಿಲ್ಲ, ಹೇಳಿದ್ದು ಸರಕಿಗೋ ಪೊಟ್ಟಣಕ್ಕೋ, ಆಧಾರವೇನು ಎಂಬುದನ್ನೂ ಹೇಳಬೇಕು. ಹಾಗೆ ನೋಡಿದರೆ ‘ಇಕೋ ಹೋಂಸ್ಟೇ’ಯ ಬೋರ್ಡಿನಲ್ಲಿ ಏನು ಬರೆಯಬೇಕಾಗುತ್ತದೆ? ‘ಟವೆಲ್ ತೊಳೆಯುವ ನೀರು ಉಳಿಸಿದ್ದೇವೆ, ತಲೆಗೊಂದು ಪುಟ್ಟ ಶಾಂಪೂ, ಕೋಣೆಗೆ ನಾಲ್ಕು 200 ಮಿ.ಲೀ. ನೀರಿನ ಬಾಟಲಿ ಇಟ್ಟಿದ್ದೇವೆ.’ ಬೋರ್ಡು ಸಣ್ಣದಾಯಿತು.

ಇಷ್ಟಕ್ಕೂ ಎಲ್ಲ ಬಂದು ನಿಲ್ಲುವುದು ನಲ್ಲಿಯ ಹತ್ತಿರ. ತೊಳೆಯುವವರು ಯಾರು? ಹೋಟೆಲಿನವರು ಪೇಪರ್ ಕಪ್ಪಿಗೆ ಹೋಗಿದ್ದು ಪರಿಸರದ ಮೇಲಿನ ಪ್ರೀತಿಗಲ್ಲ, ಲೋಟ ತೊಳೆಯುವವರು ಸಿಗದೆ. ಲೆಕ್ಕ ಹಾಕೋಣ. ದಿನಕ್ಕೆ 400 ಕಾಫಿ, ನೂಕುನುಗ್ಗಲಿನ ಗಂಟೆಯಲ್ಲಿ 120. ಕುಡಿದು, ತೊಳೆದು, ಒಣಗಿ ಮತ್ತೆ ಗಲ್ಲಾ ಹತ್ತಿರ ಬರಲು 15 ನಿಮಿಷವಾದರೆ ತಿರುಗುತ್ತಿರುವುದು 30 ಲೋಟ. ಕಳೆದುಹೋಗುವುದು, ಸೊಟ್ಟಗಾಗುವುದು ಸೇರಿ 50 ಇದ್ದರೆ ಸಾಕು. ಲೋಟಕ್ಕೆ 40 ರೂಪಾಯಿ ಹಿಡಿದರೆ 2,000. ಕಪ್ಪಿಗೆ ರೂಪಾಯಿಯಂತೆ ದಿನಕ್ಕೆ 400 ಹೋಗುತ್ತಿತ್ತು. ಐದೇ ದಿನಕ್ಕೆ ಲೋಟದ ದುಡ್ಡು ಹುಟ್ಟಿತು; ಆರನೇ ದಿನದಿಂದ ಆ 400 ತೊಳೆಯುವವರ ಸಂಬಳಕ್ಕೆ.

ತೊಳೆಯುವುದಕ್ಕೂ ಕ್ರಮವಿದೆ. ಹಾಲು ಅಂಟಿದ ಲೋಟಕ್ಕೆ ಮೊದಲೇ ಬಿಸಿನೀರು ಸುರಿದರೆ ಹಾಲು ಬೆಂದು ತಳಕ್ಕೆ ಹಿಡಿಯುತ್ತದೆ. ಆಮೇಲೆ ಉಗುರಲ್ಲಿ ಕೆರೆಯಬೇಕು. ಮೊದಲು ತಣ್ಣೀರಲ್ಲಿ ಜಾಲಿಸಿ, ಆಮೇಲೆ ಸೋಪು, ಮತ್ತೆ ಜಾಲಿಸಿ, ಕೊನೆಗೆ 77 ಡಿಗ್ರಿಗಿಂತ ಬಿಸಿಯಾದ ನೀರಲ್ಲಿ ಅರ್ಧ ನಿಮಿಷ. ಬಟ್ಟೆಯಲ್ಲಿ ಒರೆಸಬಾರದು, ಒಂದು ಲೋಟದ ಕ್ರಿಮಿ ಐವತ್ತಕ್ಕೂ ಹಂಚಿಹೋಗುತ್ತದೆ. ತಂತಿ ಜಾಲರಿ ಮೇಲೆ ಬೋರಲು ಹಾಕಿದರೆ ಬಿಸಿ ಸ್ಟೀಲು ತಾನೇ ಆರುತ್ತದೆ. ಈ ವ್ಯವಸ್ಥೆ ಕೆಡುವುದು ಎರಡನೇ ಸಲ ಜಾಲಿಸುವ ಬಕೆಟ್ಟಿನಲ್ಲಿ: ಹತ್ತೂವರೆ ಹೊತ್ತಿಗೆ ನೀರು ಬೂದಿ ಬಣ್ಣಕ್ಕೆ ತಿರುಗಿದರೂ ಬದಲಾಯಿಸುವುದಿಲ್ಲ. ಗಿರಾಕಿ ಅದನ್ನು ನೋಡುತ್ತಾನೆ, ಪೇಪರ್ ಕಪ್ ಕೇಳುತ್ತಾನೆ. ಅವನದೂ ತಪ್ಪಲ್ಲ.

ಗುಡ್ಡದ ಮೇಲೆ ಬಿಸಾಡುವ ಬಾಟಲಿಗೂ ಮದ್ದಿದೆ. ನೀಲಗಿರಿಯಲ್ಲಿ 2022ರಲ್ಲಿ ಮದ್ರಾಸ್ ಹೈಕೋರ್ಟ್ ಹೇಳಿದ ಮೇಲೆ ಸರ್ಕಾರಿ ಮದ್ಯದಂಗಡಿಯವರು ಬಾಟಲಿಗೆ 10 ರೂಪಾಯಿ ಹೆಚ್ಚು ತೆಗೆದುಕೊಂಡು, ಖಾಲಿ ಬಾಟಲಿ ತಂದವರಿಗೆ ವಾಪಸ್ ಕೊಡತೊಡಗಿದರು. ನಮಗಿದು ಹೊಸ ವಿದ್ಯೆಯಲ್ಲ, ಗೋಲಿ ಸೋಡಾ ಬಾಟಲಿ ಇಟ್ಟುಕೊಂಡು ಹೋಗಲು ಬಿಟ್ಟ ಅಂಗಡಿಯವನನ್ನು ಯಾರೂ ಕಂಡಿಲ್ಲ. ಗಿರಿ ದಾರಿಯ ಕೈಮರ ಚೆಕ್‌ಪೋಸ್ಟಿನ ಹತ್ತಿರ ನಾವು ಹಾಕುವುದು ಬೋರ್ಡು; ಅದರ ಬುಡದಲ್ಲೇ ಬಾಟಲಿ.

ಎಕ್ಸ್‌ಚೇಂಜ್ ಮೇಳದವರು ಇನ್ನೂ ಮುಂದೆ ಹೋಗಿದ್ದಾರೆ: ‘ಹಳೇ ಮಿಕ್ಸಿ ತನ್ನಿ, ಹೊಸದು ಒಯ್ಯಿರಿ, ಪರಿಸರ ಉಳಿಸಿ.’ ಆ ಹಳೇ ಮಿಕ್ಸಿಗೆ ಆಗಿರುವುದೇನು? ಮೋಟರ್ ಗುಂಯ್‌ಗುಟ್ಟುತ್ತದೆ, ಬ್ಲೇಡು ತಿರುಗುವುದಿಲ್ಲ. ಅಂದರೆ ಮೋಟರಿಗೂ ಜಾರಿಗೂ ಕೊಂಡಿಯಾದ ಕಪ್ಲರಿನ ಹಲ್ಲು ಸವೆದಿದೆ. ಜಾರು ಬಿಗಿದುಕೊಂಡಾಗ ಮೋಟರ್ ಸುಡದಿರಲೆಂದು ತಾನು ಸಾಯುವುದೇ ಆ ಚೂರಿನ ಉದ್ಯೋಗ; ನೂರು ರೂಪಾಯಿಯೊಳಗೆ ಇನ್ನೊಂದು ಬರುತ್ತದೆ. ಪ್ಲಗ್ ಕಿತ್ತು, ತಿರುಗಿಸಿ ಬಿಚ್ಚಬೇಕು. ಅನೇಕ ಮಿಕ್ಸಿಗಳಲ್ಲಿ ಥ್ರೆಡ್ ಉಲ್ಟಾ, ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಬಿಚ್ಚುತ್ತದೆ. ಗೊತ್ತಿಲ್ಲದೆ ಇನ್ನೊಂದು ಕಡೆ ಒತ್ತಿದವರು ಕಪ್ಲರ್ ಜೊತೆ ತಾಳ್ಮೆಯನ್ನೂ ಮುರಿದುಕೊಂಡು ಮೇಳಕ್ಕೆ ಹೊರಡುತ್ತಾರೆ. ಪೂರ್ತಿ ಸದ್ದೇ ಇಲ್ಲದಿದ್ದರೆ ತಳದ ಕೆಂಪು ಬಟನ್ ಒತ್ತಿ ನೋಡಿ, ಖರ್ಚು ಸೊನ್ನೆ.

ಇಷ್ಟೆಲ್ಲದರ ನಡುವೆ ಒಂದೆರಡು ಹೋಟೆಲುಗಳಲ್ಲಿ ಸ್ಟೀಲ್ ಲೋಟ ಉಳಿದಿದೆ. ಅಲ್ಲಿ ಹಸಿರು ಬೋರ್ಡಿಲ್ಲ. ಭಾನುವಾರ ಬೆಳಗ್ಗೆ ಗಿರಿ ಹತ್ತಲು ಹೊರಟವರೊಬ್ಬರು, ‘ಪ್ರಕೃತಿ ಉಳಿಸಿ’ ಎಂದು ಅಚ್ಚಾದ ಚುಕ್ಕೆ ಚುಕ್ಕೆಯ ಬ್ಯಾಗು ಹೆಗಲಿಗೆ ಹಾಕಿಕೊಂಡು, ಗಲ್ಲಾ ಮುಂದೆ ನಿಲ್ಲುತ್ತಾರೆ.

‘ಪೇಪರ್ ಕಪ್ಪಲ್ಲಿ ಕೊಡ್ತೀರಾ ಅಣ್ಣ?’

‘ಕೊಡ್ತೀವಿ ಸಾರ್. ಕಪ್ಪಿಗೆ ಎರಡು ರೂಪಾಯಿ ಬೇರೆ.’

‘ಎರಡಾ? ಹಾಗಾದ್ರೆ ಲೋಟದಲ್ಲೇ ಕೊಡಿ ಬಿಡಿ.’