ಕಿಲ್ಲಾರಿಯ ಸಾಲುಮನೆಗಳು

ನಿನ್ನೆ ಕಲಬುರಗಿಯ ಸಭೆಯೊಂದರಲ್ಲಿ ನಿವೃತ್ತ ಎಂಜಿನಿಯರರೊಬ್ಬರು ಮಹಾರಾಷ್ಟ್ರದ ಲಾತೂರು ಜಿಲ್ಲೆಯ ಕಿಲ್ಲಾರಿ ಸೀಮೆಯಲ್ಲಿ ಭೂಕಂಪದ ನಂತರ ಕಟ್ಟಿದ ಊರೊಂದರ ನಕ್ಷೆಯನ್ನು ಪರದೆಯ ಮೇಲೆ ತೋರಿಸಿ, "ಗೆರೆ ಎಳೆದಂತೆ ಎಷ್ಟು ಶಿಸ್ತಾಗಿದೆ ನೋಡಿ" ಎಂದಾಗ ಸಭಿಕರು ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ. ನನ್ನ ಸೋದರತ್ತೆಯನ್ನು ಆ ಸೀಮೆಗೇ ಕೊಟ್ಟಿರುವುದು ನಿಮ್ಮಲ್ಲಿ ಹಲವರಿಗೆ ಗೊತ್ತು. ಆ ಗೆರೆಗಳ ಒಳಗೆ ಜನ ಹೇಗೆ ಬದುಕುತ್ತಾರೆಂಬುದನ್ನು ನಾನು ಅತ್ತೆಯ ಮನೆಯ ಕಟ್ಟೆಯ ಮೇಲೆ ಕುಳಿತು ನೋಡಿದವನು.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿಯನ್ನು ಕಳಿಸಿ ತಡವಾಗಿ ಮಲಗಿದ್ದ ಊರುಗಳ ಮೇಲೆ ಮಾಳಿಗೆಗಳು ಕುಸಿದವು. ಕಲಬುರಗಿ, ಬೀದರ್‌ಗಳಲ್ಲೂ ನೆಲ ನಡುಗಿತು. ಸತ್ತವರು ಸುಮಾರು 10 ಸಾವಿರ. ಗುಂಡುಕಲ್ಲುಗಳನ್ನು ಬರೀ ಮಣ್ಣಿನಲ್ಲಿ ಕೂರಿಸಿದ ದಪ್ಪ ಗೋಡೆ, ಆ ಗೋಡೆಯ ಒಳಮೈ ಹೊರಮೈಗಳನ್ನು ಹಿಡಿದಿಡುವ ಅಡ್ಡಗಲ್ಲೇ ಇಲ್ಲದಿರುವುದು, ತಲೆಯ ಮೇಲೆ ವರ್ಷವರ್ಷವೂ ಏರುತ್ತ ಹೋದ ಮೇಲ್ಮುದ್ದೆಯ (ಮಾಳಿಗೆಗೆ ಹಾಕುವ ಮಣ್ಣಿನ) ಭಾರ, ಇವೇ ಅವರನ್ನು ಕೊಂದವು. ಎಷ್ಟೋ ಮನೆಗಳಲ್ಲಿ ಗೋಡೆ ಉರುಳಿದರೂ ಮರದ ಕಂಬ ತೊಲೆಗಳು ನಿಂತೇ ಇದ್ದವು. ಕಲಿಯುವವರಿಗೆ ಅಲ್ಲೇ ಪಾಠವಿತ್ತು.

ಆದರೆ ತೀರಾ ನೆಲಸಮವಾದ 52 ಊರುಗಳನ್ನು ಬೇರೆಡೆಗೆ ಒಯ್ಯಲಾಯಿತು. ಹೊಲದ ಲೆಕ್ಕ ನೋಡಿ 250, 450, 750 ಚದರ ಅಡಿಯ ಮನೆಗಳನ್ನು ಹಂಚಲಾಯಿತು. ಅನೇಕ ಕಡೆ ಒಂದೇ ಅಳತೆಯ ಮನೆಗಳನ್ನು ಒಂದೇ ಕಡೆ ಸಾಲಾಗಿ ನಿಲ್ಲಿಸಿದ್ದರಿಂದ, ಹೊಲವಿದ್ದ ಅಣ್ಣ ಒಂದು ತುದಿಗೂ ಹೊಲವಿಲ್ಲದ ತಮ್ಮ ಇನ್ನೊಂದು ತುದಿಗೂ ಬಿದ್ದರು. ಊರು ಹಳೆಯದಕ್ಕಿಂತ ಹಲವು ಪಟ್ಟು ಹರಡಿಕೊಂಡಿತು. ಎತ್ತಿನ ಗಾಡಿಯೇ ಅಪರೂಪವಾಗಿದ್ದ ಓಣಿಯವರಿಗೆ ಲಾರಿ ತಿರುಗಿಸುವಷ್ಟು ಅಗಲದ ರಸ್ತೆಗಳು ಸಿಕ್ಕವು. ಬಾಗಿಲು ತೆರೆದರೆ ನೇರ ಬೀದಿ. ಹಳೆಯ ಮನೆಯ ಅಂಗಳದಲ್ಲಿ ಸೆರಗಿನ ಚಿಂತೆಯಿಲ್ಲದೆ ಕಾಳು ಹಸನು ಮಾಡುತ್ತಿದ್ದ ಹೆಂಗಸರು ಎಲ್ಲಿ ಕುಳಿತುಕೊಳ್ಳಬೇಕೆಂದು ನಕ್ಷೆ ಬರೆದವರು ಯೋಚಿಸಿದಂತಿಲ್ಲ. ಬದುಕುವವರನ್ನು ಸರಿಯಾಗಿ ಕೇಳದೆ ಊರು ಕಟ್ಟಿದರೆ ಆಗುವುದು ಇದೇ.

ಅತ್ತೆಯ ಕಾಂಕ್ರೀಟ್ ಕೋಣೆಯಲ್ಲಿ ತೊಗರಿಯ ಚೀಲಗಳು ಸೂರಿನವರೆಗೆ ಏರಿವೆ. ಅವಳು ಮಲಗುವುದು ಅದಕ್ಕೆ ಒತ್ತಿ ಕಟ್ಟಿಸಿಕೊಂಡ ಇನ್ನೊಂದು ಕೋಣೆಯಲ್ಲಿ. ಅದರ ಗೋಡೆಗೆ ಹಳೆಯ ಊರಿನಿಂದ ಟ್ರ್ಯಾಕ್ಟರಿನಲ್ಲಿ ಹೇರಿ ತಂದ ಅದೇ ಗುಂಡುಕಲ್ಲು, ಅದೇ ಮಣ್ಣು. ಮೇಲೆ ತಗಡು, ತಗಡು ಹಾರದಿರಲೆಂದು ಮತ್ತೆ ಕಲ್ಲು. "ಅತ್ತೀ, ಇದು ಬಿದ್ದರೆ?" ಎಂದೆ. "ಅದು ಸರ್ಕಾರದ ಮನಿ, ಇದು ನಮ್ದು ನೋಡಪಾ" ಎಂದಳು. ಆ ರಾತ್ರಿ ನಾನು ತೊಗರಿ ಚೀಲಗಳ ನಡುವೆಯೇ ಮಲಗಿದೆ ಎಂಬುದನ್ನೂ ಹೇಳಿಬಿಡುತ್ತೇನೆ. ಸಿದ್ಧಾಂತ ಬೇರೆ, ಜೀವಭಯ ಬೇರೆ.

"ಸೂರಿಲ್ಲದವರಿಗೆ ಗಟ್ಟಿ ಸೂರು ಸಿಕ್ಕಿತಲ್ಲ, ಅದಕ್ಕೂ ತಕರಾರೇ?" ಎಂದು ಕೇಳುವವರು ಇದ್ದಾರೆ. ಗಟ್ಟಿತನವನ್ನು ಬೇಡ ಎಂದವರು ಯಾರು? ಮನೆಯನ್ನು ಅದರ ಯಜಮಾನನ ಕೈಯಿಂದಲೇ ಗಟ್ಟಿಯಾಗಿ ಕಟ್ಟಿಸಬಹುದಿತ್ತು ಎಂಬುದಷ್ಟೇ ನನ್ನ ಮಾತು. 2001ರ ಜನವರಿ 26ರಂದು ಕಛ್ ಕುಸಿದ ಮೇಲೆ ಗುಜರಾತಿನಲ್ಲಿ ಬಹುಪಾಲು ಕುಟುಂಬಗಳಿಗೆ ಹಣವನ್ನು ಕಂತುಕಂತಾಗಿ ಕೊಟ್ಟು, ಪಾಯ ಮತ್ತು ಗೋಡೆಗಳನ್ನು ಎಂಜಿನಿಯರರು ಪರೀಕ್ಷಿಸಿದ ಮೇಲಷ್ಟೇ ಮುಂದಿನ ಕಂತು ಬಿಡುವ ಪದ್ಧತಿ ಬಂತು. ಜನ ತಮ್ಮ ಹಳೆಯ ಜಾಗದಲ್ಲೇ ತಮಗೆ ಬೇಕಾದಂತೆ ಕಟ್ಟಿಕೊಂಡರು. 2015ರ ಭೂಕಂಪದ ನಂತರ ನೇಪಾಳವೂ ಇದೇ ದಾರಿ ಹಿಡಿಯಿತು. ಹಳ್ಳಿಯವನ ಕೈಗೆ ದುಡ್ಡು ಕೊಟ್ಟರೆ ಕುಡಿದು ಹಾಳು ಮಾಡುತ್ತಾನಂತೆ! ಗುತ್ತಿಗೆದಾರರೆಲ್ಲ ಏಕಾದಶಿ ಉಪವಾಸ ಮಾಡುವವರೆಂದು ನಾವು ನಂಬಬೇಕು. ನಮ್ಮಲ್ಲೇ 2009ರ ನೆರೆಯ ಬಳಿಕ 'ಆಸರೆ' ಎಂದು ಕಟ್ಟಿದ ಮನೆಗಳಲ್ಲಿ ಎಷ್ಟೋ ಖಾಲಿ ಬಿದ್ದು, ಅವುಗಳ ಅಂಗಳದಲ್ಲಿ ಜಾಲಿ ಬೆಳೆದದ್ದನ್ನು ಆ ಕಡೆ ಓಡಾಡುವವರೆಲ್ಲ ಕಂಡಿದ್ದಾರೆ.

ನನ್ನ ಸಿಟ್ಟು ಇಮ್ಮಡಿಯಾಗುವುದು ಇನ್ನೊಂದು ಕಾರಣಕ್ಕೆ. ಇದನ್ನು ಕಲಿಯಲು ಕಛ್‌ವರೆಗೆ ಹೋಗಬೇಕಿರಲಿಲ್ಲ. ಲಾತೂರು, ಉಸ್ಮಾನಾಬಾದ್ (ಈಗಿನ ಧಾರಾಶಿವ) ಜಿಲ್ಲೆಗಳಲ್ಲೇ, ಆ ಊರುಗಳನ್ನು ಬೇರೆಡೆಗೆ ಒಯ್ದ ಅದೇ ವಿಶ್ವಬ್ಯಾಂಕಿನ ಸಾಲದ ಯೋಜನೆಯಲ್ಲೇ, ಅರೆಬರೆ ಹಾನಿಯಾದ ಲಕ್ಷಕ್ಕೂ ಹೆಚ್ಚು ಮನೆಗಳನ್ನು ಜನರೇ ನಿಂತು ದುರಸ್ತಿ ಮಾಡಿಸಿಕೊಂಡರು. ಊರೂರಿನ ಮಹಿಳಾ ಮಂಡಳದ ಹೆಂಗಸರು 'ಸಂವಾದ ಸಹಾಯಕ'ರೆಂದು ನೇಮಕಗೊಂಡು, ಯಾವ ಮನೆಗೆ ಏನು ಬೇಕು, ಕೆಲಸ ಎಲ್ಲಿ ನಿಂತಿದೆ ಎಂಬುದನ್ನು ಅಧಿಕಾರಿಗಳಿಗೆ ಮುಟ್ಟಿಸುತ್ತ, ಮನೆ ಗಟ್ಟಿ ಮಾಡುವ ವಿಧಾನವನ್ನು ನೆರೆಹೊರೆಗೆ ತಿಳಿಸುತ್ತ ಓಡಾಡಿದರು. ಆ ಊರುಗಳ ನಕ್ಷೆ ಗೆರೆ ಎಳೆದಂತಿಲ್ಲ, ಹಾಗಾಗಿ ಪರದೆಯ ಮೇಲೆ ಬರುವುದಿಲ್ಲ. 2001ರಲ್ಲಿ ಕಛ್‌ನ ಹಳ್ಳಿಗಳಿಗೆ ಹೋಗಿ, ಮನೆ ಕಳೆದುಕೊಂಡ ಅಲ್ಲಿನ ಹೆಂಗಸರ ಜೊತೆ ಕುಳಿತು ತಮ್ಮ ಅನುಭವ ಹೇಳಿಬಂದವರಲ್ಲಿ ಈ ಹೆಂಗಸರೂ ಇದ್ದರು.